ಫೈಬರ್‌ಗ್ಲಾಸ್‌ಗೆ ರೆಸಿನ್ ಹಚ್ಚುವ ಮುನ್ನ: ಬ್ರಷ್, ರೋಲರ್, ಪಾತ್ರೆ, ಅಳತೆ ಸಾಮಾನು ಆರಿಸುವ ಬಗೆ

ಫೈಬರ್‌ಗ್ಲಾಸ್ ಕೆಲಸದಲ್ಲಿ ಕೈಯಲ್ಲಿರುವ ಸಲಕರಣೆಗೆ ಎರಡು ಹೊಣೆ. ಗಾಜಿನ ಎಳೆಗಳ ನಡುವೆ ರೆಸಿನ್ ಎಂಬ, ಆಮೇಲೆ ಗಟ್ಟಿಯಾಗುವ ಅಂಟುದ್ರವವನ್ನು ಇಳಿಸಬೇಕು, ಅಲ್ಲಿ ಮೊದಲೇ ಕೂತಿರುವ ಗಾಳಿಯನ್ನು ಹೊರಗೆ ಹಾಕಬೇಕು. ಹೊಸದಾಗಿ ಕೈಹಾಕುವವರು ಸಾಮಾನ್ಯವಾಗಿ ಮೊದಲನೆಯದಕ್ಕೆ ಬೇಕಾದ್ದನ್ನಷ್ಟೇ ಕೊಂಡು ತರುತ್ತಾರೆ: ಒಂದು ಬ್ರಷ್, ಒಂದು ಬಕೆಟ್. ಪದರ ಗಟ್ಟಿಯಾದ ಮೇಲೆ ಒಳಗೆ ಬಿಳಿ ಚುಕ್ಕೆ ಕಂಡರೆ, ಮೂಲೆಗಳು ಟೊಳ್ಳಾಗಿದ್ದರೆ, ನಾಣ್ಯದಿಂದ ತಟ್ಟಿದಾಗ ಮಂಕು ಸದ್ದು ಬಂದರೆ, ಗಾಳಿ ತೆಗೆಯುವ ಸಲಕರಣೆ ಇರಲಿಲ್ಲ ಅಥವಾ ಇದ್ದದ್ದು ಆ ಗಾಜಿಗೆ ತಕ್ಕದ್ದಾಗಿರಲಿಲ್ಲ ಎಂದು ತಿಳಿಯಬೇಕು.

ರೆಸಿನ್ ಯಾವುದು, ಗಾಜು ಯಾವ ರೂಪದ್ದು, ಅಚ್ಚಿನ ಆಕಾರ ಹೇಗಿದೆ ಎಂಬ ಮೂರು ಸಂಗತಿ ಗೊತ್ತಾಗುವ ತನಕ ಏನನ್ನೂ ಕೊಳ್ಳಬೇಡಿ. ಅವು ಗೊತ್ತಾದರೆ ಉಳಿದದ್ದರ ಆಯ್ಕೆ ಕಷ್ಟವಲ್ಲ.

ಮೊದಲು ರೆಸಿನ್

ಪಾಲಿಯೆಸ್ಟರ್ ಮತ್ತು ವಿನೈಲ್ ಎಸ್ಟರ್ ರೆಸಿನ್‌ಗಳಲ್ಲಿ ಸ್ಟೈರೀನ್ ಎಂಬ ದ್ರಾವಕ ಇರುತ್ತದೆ. ಪಾಲಿಯೆಸ್ಟರ್‌ನಲ್ಲಿ ಅದು ತೂಕದ ಮೂರನೇ ಒಂದು ಭಾಗದಷ್ಟೋ ಅದಕ್ಕಿಂತ ಹೆಚ್ಚೋ ಇರಬಹುದು. ಗೋಡೆಗೆ ಬಣ್ಣ ಹಚ್ಚುವ ಅಗ್ಗದ ಸ್ಪಂಜಿನ ರೋಲರ್, ಥರ್ಮಾಕೋಲ್ ಲೋಟ, ಬ್ರಷ್ ಹಿಡಿಯ ಮೇಲಿನ ಬಣ್ಣ ಎಲ್ಲವನ್ನೂ ಸ್ಟೈರೀನ್ ಕರಗಿಸುತ್ತದೆ. ಕರಗಿದ ಆ ಕೊಳೆ ನೇರ ಪದರದೊಳಗೆ ಸೇರುತ್ತದೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಹಾಗಾಗಿ ಎಪಾಕ್ಸಿಗೆಂದೇ ಮಾಡಿದ ತೆಳು ಫೋಮ್ ರೋಲರ್‌ಗಳು ಅಲ್ಲಿ ಚೆನ್ನಾಗಿ ನಡೆಯುತ್ತವೆ. ಅದೇ ರೋಲರನ್ನು ಪಾಲಿಯೆಸ್ಟರ್‌ಗೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಉಬ್ಬಿ ಹಿಡಿಯಿಂದ ಕಳಚಿಕೊಳ್ಳಬಹುದು.

ಗಟ್ಟಿಯಾಗಿಸುವ ವಿಧಾನದಲ್ಲೂ ಮುಖ್ಯವಾದ ವ್ಯತ್ಯಾಸವಿದೆ. ಪಾಲಿಯೆಸ್ಟರ್‌ಗೆ ಹಾಕುವುದು ಎಂಇಕೆಪಿ ಎಂಬ ಪೆರಾಕ್ಸೈಡ್, ಬಳಕೆಯ ಮಾತಿನಲ್ಲಿ ಕ್ಯಾಟಲಿಸ್ಟ್. ಅದು ತೂಕದ ಸುಮಾರು 1ರಿಂದ 2 ಶೇಕಡಾ. ಹವೆ ನೋಡಿಕೊಂಡು ಆ ಮಿತಿಯೊಳಗೆ ಹೆಚ್ಚು ಕಡಿಮೆ ಮಾಡಬಹುದು. ಎಪಾಕ್ಸಿಯಲ್ಲಿ ಆ ಸ್ವಾತಂತ್ರ್ಯ ಇಲ್ಲ. ಹಾರ್ಡ್‌ನರ್ ರೆಸಿನ್ ಜೊತೆ ಸೇರಿ ಅದರ ಭಾಗವೇ ಆಗುವುದರಿಂದ ತಯಾರಕರು ಹೇಳಿದ ಪ್ರಮಾಣವನ್ನೇ ಹಾಕಬೇಕು. ಬೇಗ ಒಣಗಲಿ ಎಂದು ಎಪಾಕ್ಸಿಗೆ ಹಾರ್ಡ್‌ನರ್ ಹೆಚ್ಚು ಸುರಿದರೆ ಸಿಗುವುದು ಎಂದೂ ಪೂರ್ತಿ ಗಟ್ಟಿಯಾಗದ, ರಬ್ಬರಿನಂಥ ಪದರ. ಆದ್ದರಿಂದ ಪಾಲಿಯೆಸ್ಟರ್ ಕೆಲಸಕ್ಕೆ ಕೆಲವು ಮಿಲೀಲೀಟರ್ ಅಳೆಯುವ ಸಿರಿಂಜ್ ಮುಖ್ಯ, ಎಪಾಕ್ಸಿಗೆ 1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಮುಖ್ಯ. ಡಬ್ಬಿಯ ಮೇಲೆ 2:1 ಎಂದಿದ್ದರೆ ಅದು ತೂಕದ ಲೆಕ್ಕವೋ ಗಾತ್ರದ (ಮಿಲೀ) ಲೆಕ್ಕವೋ ನೋಡಿ. ಎರಡೂ ಒಂದೇ ಅಲ್ಲ, ಏಕೆಂದರೆ ರೆಸಿನ್ ಮತ್ತು ಹಾರ್ಡ್‌ನರ್‌ಗಳ ಸಾಂದ್ರತೆ ಬೇರೆ ಬೇರೆ.

ದುರಸ್ತಿ ಕೆಲಸದವರು ನೆನಪಿಡಬೇಕಾದ್ದು: ಗಟ್ಟಿಯಾದ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಅಷ್ಟು ನಂಬಿಕೆಯಿಂದ ಹಿಡಿಯುವುದಿಲ್ಲ.

ಗಾಜಿನ ರೂಪ, ರೆಸಿನ್ ಲೆಕ್ಕ

ಕತ್ತರಿಸಿದ ಎಳೆಗಳ ಮ್ಯಾಟ್‌ನಲ್ಲಿ ಎಳೆಗಳನ್ನು ಒಟ್ಟಿಗೆ ಹಿಡಿದಿರುವುದು ಒಂದು ಬೈಂಡರ್. ಆ ಬೈಂಡರನ್ನು ಕರಗಿಸುವುದು ಸ್ಟೈರೀನ್. ಅದಕ್ಕೇ ಸಾಮಾನ್ಯ ಮ್ಯಾಟ್ ಎಪಾಕ್ಸಿಗೆ ಒಗ್ಗುವುದಿಲ್ಲ: ಬೈಂಡರ್ ಕರಗದೆ ಮ್ಯಾಟ್ ಬಿರುಸಾಗೇ ಉಳಿಯುತ್ತದೆ, ತಿರುವುಗಳಲ್ಲಿ ಕೂರುವುದಿಲ್ಲ. ಎಪಾಕ್ಸಿಗೆ ನೇಯ್ದ ಬಟ್ಟೆ ಅಥವಾ ದಾರದಿಂದ ಹೊಲಿದ ಗಾಜನ್ನೇ ತೆಗೆದುಕೊಳ್ಳಿ.

ಕೈಯಿಂದ ಹಚ್ಚುವಾಗ ಮ್ಯಾಟ್ ತನ್ನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಕುಡಿಯುತ್ತದೆ. ನೇಯ್ದ ರೋವಿಂಗ್ (ದಪ್ಪ ಎಳೆಗಳ ಒರಟು ನೇಯ್ಗೆ) ಮತ್ತು ಬಟ್ಟೆಗೆ ತನ್ನ ತೂಕದಷ್ಟೇ ಸಾಕು. ಉದಾಹರಣೆಗೆ 2 ಚದರ ಮೀಟರ್ ಜಾಗಕ್ಕೆ 450 ಗ್ರಾಂ ಮ್ಯಾಟ್ (ಚದರ ಮೀಟರಿಗೆ ಅಷ್ಟು ತೂಗುವಂಥದ್ದು) ಮೂರು ಪದರ ಎಂದುಕೊಳ್ಳಿ. ಗಾಜು 2.7 ಕೆಜಿ, ಎರಡೂಕಾಲು ಪಟ್ಟು ರೆಸಿನ್ ಎಂದರೆ ಸುಮಾರು 6 ಕೆಜಿ. ಬ್ರಷ್, ರೋಲರ್, ಪಾತ್ರೆಯ ತಳದಲ್ಲಿ ಉಳಿಯುವುದಕ್ಕೆ ಹತ್ತು ಹದಿನೈದು ಶೇಕಡಾ ಸೇರಿಸಿದರೆ 7 ಕೆಜಿ ಹತ್ತಿರ. ದಪ್ಪ ಮೂರು ಮಿಲಿಮೀಟರ್ ಆಸುಪಾಸು ಬರುತ್ತದೆ, 450 ಗ್ರಾಂ ಮ್ಯಾಟಿನ ಒಂದು ಪದರ ಒಂದು ಮಿಲಿಮೀಟರ್ ಎಂಬ ಲೆಕ್ಕ. ಹೊರಮೈಗೆ ಜೆಲ್‌ಕೋಟ್, ಅಂದರೆ ಗಾಜಿಲ್ಲದ ಹೊಳಪಿನ ರೆಸಿನ್ ಪದರ, ಬೇಕಿದ್ದರೆ ಚದರ ಮೀಟರಿಗೆ 600 ಗ್ರಾಂ ಹತ್ತಿರ ಪ್ರತ್ಯೇಕವಾಗಿ ಇಟ್ಟುಕೊಳ್ಳಿ.

ಈ ಲೆಕ್ಕವನ್ನು ಮೊದಲೇ ಮಾಡಲು ಕಾರಣವಿದೆ. ರೆಸಿನ್ ಕಡಿಮೆ ಬಿದ್ದರೆ ಗಾಜು ಒಣಗಿ ಉಳಿದು ನೀರು ಹೀರುತ್ತದೆ. ಹೆಚ್ಚಾದರೆ ಪದರಕ್ಕೆ ಬಲ ಬರುವುದಿಲ್ಲ, ಭಾರ ಮಾತ್ರ ಬರುತ್ತದೆ, ಸುಲಭವಾಗಿ ಬಿರುಕು ಬಿಡುತ್ತದೆ. ಗಾಜನ್ನು ಕತ್ತರಿಸಿದ ಮೇಲೆ ಒಮ್ಮೆ ತೂಗಿ, ಆ ತೂಕದ ಮೇಲೆ ರೆಸಿನ್ ಅಳೆದರೆ ಕಣ್ಣಂದಾಜಿಗೆ ಬಿಡುವುದೇನೂ ಉಳಿಯದು.

ಬ್ರಷ್

ಬ್ರಷ್ಷಿಗೆ ಹೆಚ್ಚು ಹಣ ಹಾಕಬೇಡಿ, ಆದರೆ ಕೂದಲು ಉದುರುವುದನ್ನೂ ತರಬೇಡಿ. ಬೇಕಾದ್ದು ನೈಸರ್ಗಿಕ ಕೂದಲಿನ, ಬಣ್ಣ ಹಚ್ಚದ ಮರದ ಹಿಡಿಯ ಬ್ರಷ್. 50 ಮಿಲಿಮೀಟರ್ ಅಗಲದ್ದು ಹೆಚ್ಚಿನ ಕೆಲಸಕ್ಕೆ ಸಾಕು, ಮೂಲೆಗಳಿಗೆ 25ರದ್ದು, ದೊಡ್ಡ ಸಮತಟ್ಟಿಗೆ 75 ಅಥವಾ 100ರದ್ದು. ಕೆಲಸಕ್ಕೆ ಮುಂಚೆ ಕೂದಲನ್ನು ಅಂಗೈಗೆ ಬಡಿದು, ಬೆರಳಿನಿಂದ ಎಳೆದು ಸಡಿಲ ಇರುವುದನ್ನು ಕಿತ್ತುಹಾಕಿ. ಪದರದಲ್ಲಿ ಸಿಕ್ಕಿಕೊಂಡ ಒಂದು ಕೂದಲಿನ ಉದ್ದಕ್ಕೂ ಗಾಳಿ ಹಿಡಿದು ನಿಲ್ಲುತ್ತದೆ.

ಮ್ಯಾಟ್ ಮೇಲೆ ಬ್ರಷ್ಷನ್ನು ಬಣ್ಣ ಬಳಿಯುವ ಹಾಗೆ ಎಳೆಯಬಾರದು. ಬೈಂಡರ್ ಕರಗಿದ ಮ್ಯಾಟ್ ಹತ್ತಿಯಷ್ಟು ಸಡಿಲ. ಎಳೆದ ಕಡೆ ಎಳೆಗಳು ಮುದ್ದೆಯಾಗಿ ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪವಾಗುತ್ತದೆ. ಬ್ರಷ್ಷನ್ನು ನೆಟ್ಟಗೆ ಹಿಡಿದು ತುದಿಯಿಂದ ಕುಟ್ಟಬೇಕು. ಅದಕ್ಕೆಂದೇ ಅರ್ಧಕ್ಕೆ ಕೂದಲು ಕತ್ತರಿಸಿ ಗಿಡ್ಡ ಮಾಡಿದ ಒಂದು ಬ್ರಷ್ ಇಟ್ಟುಕೊಳ್ಳಿ. ಚೂಪು ಮೂಲೆಗೆ ಗಾಜನ್ನು ಒತ್ತಲು ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಜೆಲ್‌ಕೋಟ್‌ಗೆ ಮಾತ್ರ ಉದ್ದ, ಮೃದು ಕೂದಲಿನ ಬೇರೆ ಬ್ರಷ್ ಬೇಕು. ಒರಟು ಬ್ರಷ್ ಗೆರೆ ಬಿಡುತ್ತದೆ, ಗೆರೆಯ ತಳದಲ್ಲಿ ಜೆಲ್‌ಕೋಟ್ ತೆಳುವಾಗುತ್ತದೆ, ಮುಂದಿನ ಪದರದ ಸ್ಟೈರೀನ್ ಅಲ್ಲಿ ಹೊಕ್ಕು ಮೇಲ್ಮೈಯನ್ನು ಸುಕ್ಕುಗಟ್ಟಿಸುತ್ತದೆ. ಅರ್ಧ ಮಿಲಿಮೀಟರ್ ಹಸಿ ದಪ್ಪ ಬಂದಿದೆಯೇ ಎಂದು ನೋಡಲು ಹಲ್ಲುಗಳಿರುವ ಪುಟ್ಟ ತಗಡಿನ ಗೇಜ್ ಸಿಗುತ್ತದೆ. ಜೆಲ್‌ಕೋಟ್ ಮಾಡುವವರು ಅದನ್ನು ಬಿಟ್ಟು ಕೆಲಸ ಮಾಡಬಾರದು.

ರೋಲರ್‌ಗಳು: ಎರಡು ಜಾತಿ, ಎರಡು ಕೆಲಸ

ರೋಲರ್ ಎಂದು ಕೇಳಿದರೆ ಎರಡು ಬಗೆಯವನ್ನು ಕೊಡುತ್ತಾರೆ. ಒಂದು ರೆಸಿನ್ ಹೊತ್ತು ಹರಡುವ ನಾರಿನ ರೋಲರ್, ಇನ್ನೊಂದು ಗಾಳಿ ಒತ್ತಿ ತೆಗೆಯುವ ಗಟ್ಟಿ ರೋಲರ್. ಎರಡೂ ಬೇಕು.

ಹರಡುವ ರೋಲರ್‌ಗೆ ಗಿಡ್ಡ ರೋಮದ್ದು ಒಳ್ಳೆಯದು. ಉದ್ದ ರೋಮ ಅರ್ಧ ಲೀಟರ್ ರೆಸಿನ್ ತಾನೇ ಕುಡಿದು ಕೂರುತ್ತದೆ, ಜೊತೆಗೆ ರೆಸಿನ್‌ಗೆ ಗಾಳಿ ಬೆರೆಸಿ ನೊರೆ ಮಾಡುತ್ತದೆ. ಪಾಲಿಯೆಸ್ಟರ್‌ಗೆ ನೇಯ್ದ ರೋಮದ, ದ್ರಾವಕ ತಡೆಯುವ ತಿರುಳಿನ ರೋಲರ್ ಬೇಕು. ರಟ್ಟಿನ ತಿರುಳನ್ನು ಅಂಟಿನಿಂದ ಸುತ್ತಿದ್ದು ಅರ್ಧ ಕೆಲಸದಲ್ಲಿ ಬಿಚ್ಚಿಕೊಳ್ಳಬಹುದು. ಅನುಮಾನವಿದ್ದರೆ ಒಂದು ತುಂಡನ್ನು ಕತ್ತರಿಸಿ ಕ್ಯಾಟಲಿಸ್ಟ್ ಹಾಕದ ರೆಸಿನ್‌ನಲ್ಲಿ ಅರ್ಧ ಗಂಟೆ ನೆನೆಸಿ ನೋಡಿ. ಬ್ರಷ್ಷಿಗೂ ಲೋಟಕ್ಕೂ ಇದೇ ಪರೀಕ್ಷೆ ಸಾಕು.

ಗಾಳಿ ತೆಗೆಯುವ ರೋಲರ್‌ಗಳಲ್ಲಿ ಆಯ್ಕೆ ಹೆಚ್ಚು, ತಪ್ಪುವುದೂ ಇಲ್ಲೇ ಹೆಚ್ಚು. ಉದ್ದಕ್ಕೂ ಅಥವಾ ಸುತ್ತಲೂ ಗೀರು ಇರುವ ಅಲ್ಯೂಮಿನಿಯಂ ರೋಲರ್ ಹಗುರ, ಎಲ್ಲ ಕಡೆ ನಡೆಯುತ್ತದೆ, ಒಂದನ್ನೇ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಉಕ್ಕಿನ ವಾಷರ್‌ಗಳನ್ನು ಸಾಲಾಗಿ ಪೋಣಿಸಿದ ರೋಲರ್‌ಗೆ ತನ್ನದೇ ಭಾರ ಇರುವುದರಿಂದ ದಪ್ಪ ರೋವಿಂಗ್ ಮೇಲೆ ಚೆನ್ನಾಗಿ ಒತ್ತುತ್ತದೆ, ತೆಳು ಮ್ಯಾಟ್ ಮೇಲೆ ಮಾತ್ರ ಎಳೆಗಳನ್ನು ಸರಿಸುತ್ತದೆ. ಪ್ಲಾಸ್ಟಿಕ್ ಮುಳ್ಳುಗೂದಲಿನ ರೋಲರ್ ಮೇಲ್ಪದರದ ಸಣ್ಣ ಗುಳ್ಳೆಗಳನ್ನು ಒಡೆಯುತ್ತದೆ, ಆಳದ ಗಾಳಿಗೆ ಇದು ಸಾಲದು. ಒಳಮೂಲೆಗೆ ಅಂಚು ಚೂಪಾದ, ನಡುವೆ ಉಬ್ಬಿದ ಮೂಲೆ ರೋಲರ್ ಪ್ರತ್ಯೇಕವಾಗಿ ಸಿಗುತ್ತದೆ. ಪೆಟ್ಟಿಗೆ, ತೊಟ್ಟಿಯಂಥ ಅಚ್ಚಿದ್ದರೆ ಅದಿಲ್ಲದೆ ಮೂಲೆ ಸರಿಯಾಗದು.

ಗಾತ್ರ ಹೀಗೆ: ಸಮತಟ್ಟು ಜಾಗಕ್ಕೆ 100ರಿಂದ 150 ಮಿಲಿಮೀಟರ್ ಉದ್ದದ್ದು, ಬಾಗಿದ ಜಾಗಕ್ಕೆ 50ರಿಂದ 75ರದ್ದು. ಬಾಗಿದ ಕಡೆ ಉದ್ದ ರೋಲರ್ ಎರಡು ತುದಿಯಲ್ಲಿ ಮಾತ್ರ ತಾಗುತ್ತದೆ, ನಡುವಿನ ಗಾಳಿ ಹಾಗೇ ಉಳಿಯುತ್ತದೆ. ವ್ಯಾಸ ಚಿಕ್ಕದಾದಷ್ಟೂ ಸಣ್ಣ ತಿರುವಿನೊಳಗೆ ಹೋಗುತ್ತದೆ, ಆದರೆ ಎಳೆಗಳು ಬೇಗ ಸುತ್ತಿಕೊಳ್ಳುತ್ತವೆ. ಕೊಳ್ಳುವಾಗ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿ. ಬಿಚ್ಚಿ ತೊಳೆಯಲು ಬರುವಂಥ ಅಚ್ಚುಗೋಲು ಇದ್ದರೆ ಬಹುಕಾಲ ಬಾಳುತ್ತದೆ.

ಬಳಸುವ ಕ್ರಮವೂ ಸಲಕರಣೆಯಷ್ಟೇ ಮುಖ್ಯ. ಮೊದಲು ಅಚ್ಚಿಗೆ ರೆಸಿನ್ ಹಚ್ಚಿ, ಅದರ ಮೇಲೆ ಮ್ಯಾಟ್ ಹಾಸಿ. ಕೆಳಗಿನಿಂದ ಮೇಲಕ್ಕೆ ನೆನೆಯುವ ಗಾಜು ತನ್ನ ಗಾಳಿಯನ್ನು ತಾನೇ ಮೇಲೆ ಬಿಡುತ್ತದೆ. ಮೇಲಿನಿಂದ ಮಾತ್ರ ಸುರಿದರೆ ಗಾಳಿ ಕೆಳಗೇ ಸಿಕ್ಕಿಕೊಳ್ಳುತ್ತದೆ. ಬೈಂಡರ್ ಕರಗಲು ಒಂದೆರಡು ನಿಮಿಷ ಬಿಟ್ಟು, ಬಿಳಿ ಬಣ್ಣ ಹೋಗಿ ಮ್ಯಾಟ್ ಪಾರದರ್ಶಕವಾದಾಗ ಗಟ್ಟಿ ರೋಲರ್ ಎತ್ತಿಕೊಳ್ಳಿ. ನಡುವಿನಿಂದ ಅಂಚಿಗೆ, ನಿಧಾನವಾಗಿ, ಕೈಯ ಭಾರದಷ್ಟೇ ಒತ್ತಿ. ಬೇಗ ಬೇಗ ಉಜ್ಜಿದರೆ ಹೊಸ ಗುಳ್ಳೆ ಹುಟ್ಟುತ್ತದೆ. ಬಲವಾಗಿ ಒತ್ತಿದರೆ ರೆಸಿನ್ ಹಿಂಡಿಹೋಗಿ ಗಾಜು ಒಣಗುತ್ತದೆ. ರೋಲರ್‌ಗೆ ಎಳೆಗಳು ಸುತ್ತಿಕೊಳ್ಳಲು ಶುರುವಾದರೆ ಎರಡೇ ಕಾರಣ: ರೆಸಿನ್ ಕಡಿಮೆ ಇದೆ, ಇಲ್ಲವೇ ಜೆಲ್ ಆಗತೊಡಗಿದೆ, ಅಂದರೆ ಹರಿಯುವುದು ನಿಂತು ಗಟ್ಟಿಯಾಗತೊಡಗಿದೆ. ಎರಡನೆಯದಾದರೆ ಅಲ್ಲಿಗೆ ನಿಲ್ಲಿಸಿ. ಜೆಲ್ ಆಗುತ್ತಿರುವ ಪದರವನ್ನು ರೋಲರ್ ಕಿತ್ತು ಎತ್ತುತ್ತದೆ, ಆಮೇಲೆ ಅದನ್ನು ಕೂರಿಸಲು ಆಗುವುದಿಲ್ಲ.

ಒಂದೇ ಸಲಕ್ಕೆ 450 ಗ್ರಾಂ ಮ್ಯಾಟಿನ ಎರಡು ಮೂರು ಪದರ ಸಾಕು. ಅದಕ್ಕಿಂತ ಹೆಚ್ಚು ಹೇರಿದರೆ ಒಳಗಿನ ಬಿಸಿ ಹೊರಹೋಗಲು ದಾರಿ ಸಿಗದೆ ಪದರ ಸೊಟ್ಟಗಾಗುತ್ತದೆ, ಕೆಲವೊಮ್ಮೆ ಅಚ್ಚಿನಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ.

ನೇಯ್ದ ಬಟ್ಟೆಗೆ, ವಿಶೇಷವಾಗಿ ಎಪಾಕ್ಸಿ ಜೊತೆ, ರೋಲರ್‌ಗಿಂತ ಪ್ಲಾಸ್ಟಿಕ್ ಸ್ಕ್ವೀಜಿ ವಾಸಿ. ಅಂಚು ನೆಟ್ಟಗಿರುವ, ಸ್ವಲ್ಪ ಬಾಗುವ ಪಾಲಿಥೀನ್ ಪಟ್ಟಿ ಆಗಬಹುದು. ಅದಕ್ಕೆ ರೆಸಿನ್ ಹಿಡಿಯುವುದಿಲ್ಲ, ಗಟ್ಟಿಯಾದದ್ದು ಬಾಗಿಸಿದರೆ ಉದುರುತ್ತದೆ. ನೇಯ್ಗೆಯ ಓಟಕ್ಕೆ ಓರೆಯಾಗಿ, ಮಲಗಿಸಿ ಎಳೆಯಿರಿ. ಬಟ್ಟೆ ಪಾರದರ್ಶಕವಾಗಿ, ನೇಯ್ಗೆಯ ಗೆರೆ ಕಾಣುವ ಹಾಗೆ ಉಳಿದರೆ ರೆಸಿನ್ ಸರಿಯಾಗಿದೆ. ಮೇಲೆ ಗಾಜಿನಂತೆ ಹೊಳೆಯುತ್ತ ನಿಂತಿದ್ದರೆ ಹೆಚ್ಚಾಗಿದೆ. ಮ್ಯಾಟ್ ಮೇಲೆ ಸ್ಕ್ವೀಜಿ ಎಳೆಯಬೇಡಿ.

ಪಾತ್ರೆ, ಅಳತೆ, ಕಲಸುವುದು

ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ಪಾತ್ರೆ ಆರಿಸಿ. ಉಳಿದ ರೆಸಿನ್ ಗಟ್ಟಿಯಾದ ಮೇಲೆ ಹಿಂಡಿದರೆ ಕಳಚಿ ಬರುತ್ತದೆ, ಪಾತ್ರೆ ಮತ್ತೆ ಬಳಕೆಗೆ ಸಿಗುತ್ತದೆ. ಮೇಣ ಹಚ್ಚಿದ ಕಾಗದದ ಲೋಟ ಬೇಡ, ಮೇಣ ರೆಸಿನ್‌ಗೆ ಸೇರಿ ಮುಂದಿನ ಪದರ ಅಂಟುವುದನ್ನು ಕೆಡಿಸುತ್ತದೆ. ಪಾತ್ರೆಯ ಆಕಾರವೂ ಮುಖ್ಯ. ಆಳವಾದ ಕಿರಿದಾದ ಲೋಟದಲ್ಲಿ ರೆಸಿನ್ ತನ್ನ ಬಿಸಿಗೆ ತಾನೇ ಬೇಗ ಗಟ್ಟಿಯಾಗುತ್ತದೆ, ಅಗಲವಾದ ತಟ್ಟೆಯಲ್ಲಿ ನಿಧಾನ. ಎಪಾಕ್ಸಿ ಕಲಸಿದ ಕೂಡಲೇ ಅಗಲ ತಟ್ಟೆಗೆ ಸುರಿದುಕೊಂಡರೆ ಕೆಲಸಕ್ಕೆ ಸಿಗುವ ಸಮಯ ಗಣನೀಯವಾಗಿ ಹೆಚ್ಚುತ್ತದೆ.

ಕ್ಯಾಟಲಿಸ್ಟ್ ಅಳೆಯಲು 10 ಮಿಲೀ ಪ್ಲಾಸ್ಟಿಕ್ ಸಿರಿಂಜ್ ಅಥವಾ ಮೇಲೆ ಅಳತೆಯ ಪುಟ್ಟ ಬಟ್ಟಲಿರುವ ಒತ್ತುವ ಬಾಟಲಿ ಇಟ್ಟುಕೊಳ್ಳಿ. ಎಂಇಕೆಪಿ ನೀರಿಗಿಂತ ತುಸು ಭಾರ. 10 ಗ್ರಾಂ ಎಂದರೆ ಸುಮಾರು 9 ಮಿಲೀ. 1 ಕೆಜಿ ರೆಸಿನ್‌ಗೆ 1 ಶೇಕಡಾ ಎಂದರೆ 9 ಮಿಲೀ, 2 ಶೇಕಡಾ ಎಂದರೆ 18. ಅರ್ಧ ಕೆಜಿಗೆ ಅದರ ಅರ್ಧ. ಬಾಟಲಿಯ ಮುಚ್ಚಳದಲ್ಲಿ ಅಳೆದು ಹಾಕುವ ಅಭ್ಯಾಸ ಎಷ್ಟೋ ಕೆಲಸಗಳನ್ನು ಕೆಡಿಸಿದೆ. ಸಿರಿಂಜಿನಷ್ಟು ಅಗ್ಗದ, ಅಷ್ಟು ಉಪಕಾರದ ಸಾಮಾನು ಈ ಇಡೀ ಪಟ್ಟಿಯಲ್ಲಿ ಇನ್ನೊಂದಿಲ್ಲ.

20ರಿಂದ 25 ಡಿಗ್ರಿ ಸೆಲ್ಸಿಯಸ್ ಹವೆ ಈ ಕೆಲಸಕ್ಕೆ ಹಿತ. ಬಿಸಿಲಿನ ದಿನ 30 ಡಿಗ್ರಿ ದಾಟಿದರೆ ಕ್ಯಾಟಲಿಸ್ಟನ್ನು 1 ಶೇಕಡಾಕ್ಕೆ ಇಳಿಸಿ, ಕಲಸುವ ಪ್ರಮಾಣವನ್ನೂ ಇಳಿಸಿ. 15 ಡಿಗ್ರಿಗಿಂತ ಕೆಳಗಾದರೆ ಕ್ಯಾಟಲಿಸ್ಟ್ ಏರಿಸುತ್ತ ಹೋಗುವ ಬದಲು ಜಾಗವನ್ನು ಬೆಚ್ಚಗೆ ಮಾಡಿ. ಮಿತಿ ಮೀರಿ ಕಡಿಮೆ ಹಾಕಿದ ಪದರ ತಿಂಗಳಾದರೂ ಮೆತ್ತಗೇ ಇರಬಹುದು, ಮಿತಿ ಮೀರಿ ಹೆಚ್ಚು ಹಾಕಿದ್ದು ಬಿಸಿಯೇರಿ ಬಿರುಕು ಬಿಡುತ್ತದೆ. ಹೊಸ ಡಬ್ಬಿ ತೆರೆದಾಗಲೆಲ್ಲ 100 ಗ್ರಾಂ ರೆಸಿನ್‌ಗೆ 1 ಗ್ರಾಂ ಹಾಕಿ ಎಷ್ಟು ನಿಮಿಷಕ್ಕೆ ಜೆಲ್ ಆಗುತ್ತದೆ ಎಂದು ಗಡಿಯಾರ ಹಿಡಿದು ನೋಡಿ, ಡಬ್ಬಿಯ ಮೇಲೆ ಬರೆದಿಡಿ. ಆ ಸಮಯದ ಮೂರನೇ ಎರಡು ಭಾಗದಲ್ಲಿ ಮುಗಿಸಬಹುದಾದಷ್ಟನ್ನೇ ಒಂದು ಸಲಕ್ಕೆ ಕಲಸಿ. ಒಬ್ಬರೇ ಕೆಲಸ ಮಾಡುವಾಗ ಅರ್ಧ ಕೆಜಿಯಿಂದ ಶುರುಮಾಡುವುದು ಕ್ಷೇಮ.

ಕಲಸಲು ತುದಿ ಚಪ್ಪಟೆಯಾದ ಕಡ್ಡಿ ಬೇಕು, ದುಂಡಗಿನದಲ್ಲ. ತಳವನ್ನೂ ಬದಿಗಳನ್ನೂ ಕೆರೆಯುತ್ತ ಎರಡು ನಿಮಿಷ ಕಲಸಿ. ಎಪಾಕ್ಸಿ ಆದರೆ ಒಂದು ಪಾತ್ರೆಯಲ್ಲಿ ಕಲಸಿ ಇನ್ನೊಂದು ಶುಚಿ ಪಾತ್ರೆಗೆ ಸುರಿದು ಮತ್ತೊಮ್ಮೆ ಕಲಸಿ. ಮೊದಲ ಪಾತ್ರೆಯ ಗೋಡೆಗೆ ಹತ್ತಿದ ಬೆರೆಯದ ರೆಸಿನ್ ಕೊನೆಯಲ್ಲಿ ಕೆರೆದು ಹಚ್ಚಿದ ಜಾಗವೇ ಅಂಟಂಟಾಗಿ ಉಳಿಯುವುದು. ಡ್ರಿಲ್‌ಗೆ ಹಾಕುವ ಕಲಕುವ ಕಡ್ಡಿ ಬಳಸಿದರೆ ವೇಗ ಕಡಿಮೆ ಇರಲಿ.

ಪಾಲಿಯೆಸ್ಟರ್ ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ರೆಸಿನ್‌ಗೆ ಮೊದಲೇ ಕೋಬಾಲ್ಟ್ ಬೆರೆಸಿದೆಯೇ ಎಂದು ಕೊಳ್ಳುವಾಗಲೇ ಕೇಳಿ, ಬೆರೆಸಿದ್ದನ್ನೇ ಕೊಳ್ಳಿ. ಬೆರೆಸದ್ದು ಸಿಕ್ಕಿದರೆ ಮೊದಲು ಕೋಬಾಲ್ಟ್ ಹಾಕಿ ಪೂರ್ತಿ ಕಲಸಿದ ಮೇಲಷ್ಟೇ ಎಂಇಕೆಪಿ ಹಾಕಬೇಕು. ಕೋಬಾಲ್ಟ್ ಮತ್ತು ಎಂಇಕೆಪಿ ನೇರವಾಗಿ ಸೇರಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಬಹುದು. ಎರಡಕ್ಕೂ ಬೇರೆ ಬೇರೆ ಸಿರಿಂಜ್, ಬೇರೆ ಬಣ್ಣದ ಪಟ್ಟಿ ಅಂಟಿಸಿ, ಬೇರೆ ಕಪಾಟಿನಲ್ಲಿ ಇಡಿ.

ಮೈ ಕಾಯುವ ಸಾಮಾನು

ಎಂಇಕೆಪಿ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬದಿಗಳೂ ಮುಚ್ಚುವ ಗಾಗಲ್ಸ್ ಹಾಕದೆ ಬಾಟಲಿ ತೆರೆಯಬೇಡಿ. ಬಿದ್ದರೆ ಕೂಡಲೇ ಹರಿಯುವ ನೀರಿನಲ್ಲಿ ಕಾಲು ಗಂಟೆಯಾದರೂ ತೊಳೆದು ಆಸ್ಪತ್ರೆಗೆ ಹೋಗಬೇಕು. ಆದ್ದರಿಂದ ಕಲಸುವ ಜಾಗ ನಲ್ಲಿಯ ಹತ್ತಿರವಿರಲಿ.

ಕೈಗೆ ನೈಟ್ರೈಲ್ ಗವಸು, ಒಂದು ಜೊತೆಯಲ್ಲ, ಒಂದು ಪೆಟ್ಟಿಗೆ ತುಂಬ. ಸಲಕರಣೆ ತೊಳೆಯುವ ದ್ರಾವಕವಾದ ಅಸಿಟೋನ್ ತಾಗಿದರೆ ನೈಟ್ರೈಲ್ ಕೂಡ ಬೇಗ ಮೆತ್ತಗಾಗುತ್ತದೆ, ಆಗಾಗ ಬದಲಿಸಿ. ಮೂಗಿಗೆ ಬಟ್ಟೆಯ ಮಾಸ್ಕ್ ಅಥವಾ ಧೂಳಿನ ಮಾಸ್ಕ್ ಹಾಕಿದರೆ ಸ್ಟೈರೀನ್ ನಿಲ್ಲುವುದಿಲ್ಲ. ಸಾವಯವ ಆವಿ ಹೀರುವ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು. ಮಾಸ್ಕ್ ಹಾಕಿಕೊಂಡಿದ್ದರೂ ವಾಸನೆ ಬರತೊಡಗಿದರೆ ಕಾರ್ಟ್ರಿಡ್ಜ್ ಮುಗಿದಿದೆ ಎಂದರ್ಥ. ಸ್ಟೈರೀನ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಕಿಟಕಿ ತೆರೆದರೆ ಸಾಲದು, ಬಾಗಿಲೂ ತೆರೆದಿರಲಿ. ಗಟ್ಟಿಯಾದ ಫೈಬರ್ ಉಜ್ಜುವಾಗ ಧೂಳಿನ ಫಿಲ್ಟರ್ ಬೇರೆಯೇ ಬೇಕು.

ತೊಳೆಯುವುದು, ಉಳಿದದ್ದನ್ನು ವಿಲೇವಾರಿ ಮಾಡುವುದು

ಎರಡು ಡಬ್ಬಿ ಅಸಿಟೋನ್ ಇಟ್ಟುಕೊಳ್ಳಿ, ಮುಚ್ಚಳ ಇರುವಂಥವು. ಮೊದಲನೆಯದರಲ್ಲಿ ಹೆಚ್ಚಿನ ರೆಸಿನ್ ಬಿಡಿಸಿ, ಎರಡನೆಯದರಲ್ಲಿ ಕೊನೆಯ ತೊಳೆತ. ಮೊದಲನೆಯದು ಪೂರ್ತಿ ಕೊಳೆಯಾದಾಗ ಎರಡನೆಯದು ಅದರ ಜಾಗಕ್ಕೆ ಬರಲಿ. ಜೆಲ್ ಆಗುವ ಮುನ್ನ ತೊಳೆದರೆ ಮಾತ್ರ ರೋಲರ್ ಉಳಿಯುತ್ತದೆ, ಕೆಲಸದ ನಡುವೆ ಬಿಡುವು ಬಂದರೆ ಅದನ್ನು ಅಸಿಟೋನ್‌ನಲ್ಲೇ ಮುಳುಗಿಸಿಡಿ. ಆದರೆ ಮತ್ತೆ ಕೈಗೆತ್ತಿಕೊಳ್ಳುವಾಗ ಒರೆಸಿ, ಒಣಗಿಸಿ. ಹಸಿ ಬ್ರಷ್ಷಿನಲ್ಲಿ ಉಳಿದ ಅಸಿಟೋನ್ ಪದರದೊಳಗೆ ಹೋಗಿ ಅಲ್ಲಲ್ಲಿ ಮೆತ್ತನೆಯ ತೇಪೆ ಬಿಡುತ್ತದೆ. ಕಾರಣ ಗೊತ್ತಾಗದೆ ಕ್ಯಾಟಲಿಸ್ಟನ್ನು ದೂರುವ ಎಷ್ಟೋ ಪ್ರಸಂಗಗಳಲ್ಲಿ ನಿಜವಾದ ತಪ್ಪು ಇಲ್ಲಿರುತ್ತದೆ.

ಚರ್ಮಕ್ಕೆ ಹತ್ತಿದ ರೆಸಿನನ್ನು ಅಸಿಟೋನ್‌ನಿಂದ ಒರೆಸಬೇಡಿ. ಅದು ಚರ್ಮದ ಎಣ್ಣೆ ತೆಗೆದು ರೆಸಿನನ್ನು ಇನ್ನಷ್ಟು ಒಳಗೆ ಬಿಡುತ್ತದೆ. ಕೈ ತೊಳೆಯುವ ಪೇಸ್ಟ್ ಅಥವಾ ಸೋಪು ಸಾಕು.

ಅಸಿಟೋನ್ ಡಬ್ಬಿಯ ಹತ್ತಿರ ಎಂಇಕೆಪಿ ಇಡಬಾರದು, ಎರಡು ಬೆರೆತರೆ ಸಿಡಿಯುವ ಪೆರಾಕ್ಸೈಡ್ ಆಗಬಹುದು. ಎಂಇಕೆಪಿಯನ್ನು ಬಂದ ಪ್ಲಾಸ್ಟಿಕ್ ಬಾಟಲಿಯಲ್ಲೇ, ಬಿಸಿಲಿಗೆ ದೂರ, ತಂಪಿನಲ್ಲಿ ಇಡಿ. ಲೋಹದ ಪಾತ್ರೆಗೆ ಹಾಕಬೇಡಿ. ಚೆಲ್ಲಿದರೆ ಮರದ ಹೊಟ್ಟಿನಿಂದಾಗಲೀ ಬಟ್ಟೆಯಿಂದಾಗಲೀ ಹೀರಿಸಬಾರದು, ಅವು ತಾವಾಗಿ ಹೊತ್ತಿಕೊಳ್ಳಬಹುದು. ವರ್ಮಿಕ್ಯುಲೈಟ್‌ನಂಥ ಉರಿಯದ ವಸ್ತುವಿನಿಂದ ಹೀರಿಸಿ, ಒದ್ದೆ ಮಾಡಿ, ಹೊರಗೆ ಒಯ್ಯಿರಿ.

ಕಲಸಿ ಉಳಿದ ರೆಸಿನನ್ನು ಕಸದ ಬುಟ್ಟಿಗೆ ಎಸೆಯಬೇಡಿ. ಬಕೆಟ್ ತಳದಲ್ಲಿ ಒಟ್ಟಾಗಿ ಕೂತ ಒಂದು ಕೆಜಿ ಹೊಗೆಯಾಡುವಷ್ಟು ಬಿಸಿಯಾಗಬಲ್ಲದು. ಬಯಲಿನಲ್ಲಿ ತಗಡಿನ ತಟ್ಟೆ ಮೇಲೆ ತೆಳ್ಳಗೆ ಹರಡಿ, ಪೂರ್ತಿ ಗಟ್ಟಿಯಾಗಿ ತಣ್ಣಗಾದ ಮೇಲೆ ಹಾಕಿ. ರೆಸಿನ್ ನೆನೆದ ಬಟ್ಟೆ, ಗವಸುಗಳಿಗೂ ಇದೇ ಕ್ರಮ. ಕ್ಯಾಟಲಿಸ್ಟ್ ಹಾಕದೆ ಉಳಿದ ಪಾಲಿಯೆಸ್ಟರ್ ಮುಚ್ಚಿದ ಡಬ್ಬಿಯಲ್ಲಿ, ತಂಪಿನಲ್ಲಿ ಕೆಲವು ತಿಂಗಳು ಬಾಳುತ್ತದೆ, ಒಳಗೆ ಗಂಟು ಕಂಡರೆ ಬಳಸಬೇಡಿ. ಎಪಾಕ್ಸಿ ರೆಸಿನ್ ಚಳಿಗೆ ಬೆಳ್ಳಗೆ ಹರಳುಗಟ್ಟಿದರೆ ಕೆಟ್ಟಿದೆ ಎಂದು ಚೆಲ್ಲುವುದು ಬೇಡ: ಡಬ್ಬಿಯನ್ನು 50 ಡಿಗ್ರಿ ಬಿಸಿನೀರಿನಲ್ಲಿ ನಿಲ್ಲಿಸಿದರೆ ತಿಳಿಯಾಗುತ್ತದೆ, ತಣ್ಣಗಾದ ಮೇಲೆ ಮೊದಲಿನಂತೆಯೇ ಕೆಲಸಕ್ಕೆ ಬರುತ್ತದೆ.